ಎಡಗಡೆಯ ಮಾನಿಟರ್

ಔಷಧಿ ಡಬ್ಬಿಗಳ ಮೇಲಿನ ಅಕ್ಷರ ಜೋಡಿಸುವುದು ಅವರ ಕಸುಬು. ಪ್ರೆಸ್ಸಿನಲ್ಲಿ ಎಲ್ಲರಿಗೂ ಅವರು ಪುಟದಣ್ಣ. ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲೂ ಒಂದು ಚುಕ್ಕೆ ತಪ್ಪಿದರೆ ಹಿಡಿಯುವ ಕಣ್ಣು. ಆ ಕಣ್ಣಿಗೇ ಕುತ್ತು ಬಂತು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಕುಸಿದುಬಿದ್ದರು. ಮೆದುಳಿನ ರಕ್ತನಾಳ ಕಟ್ಟಿಕೊಂಡಿತ್ತು. ಕೈಕಾಲು ಉಳಿದವು, ಮಾತು ಉಳಿಯಿತು, ಎಡಗಡೆಯ ನೋಟ ಮಾತ್ರ ಹೋಯಿತು. ಅಲ್ಲಿ ಕತ್ತಲೆಯಾದರೂ ಇದ್ದಿದ್ದರೆ ಗೊತ್ತಾಗುತ್ತಿತ್ತು. ಎಡಗಡೆ ಎಂಬುದೇ ಇರಲಿಲ್ಲ. ತಟ್ಟೆಯ ಬಲಭಾಗ ಮಾತ್ರ ಉಂಡು "ಇನ್ನೂ ಸ್ವಲ್ಪ ಬಡಿಸು" ಎನ್ನುತ್ತಿದ್ದರು. ಹೆಂಡತಿ ತಟ್ಟೆ ತಿರುಗಿಸಿಡುತ್ತಿದ್ದಳು.

ರಜೆ ಮುಗಿಯುತ್ತ ಬಂದಾಗ ಚಿಂತೆ ಹತ್ತಿಕೊಂಡಿತು. ಅವರ ಮೇಜಿನ ಮೇಲೆ ಮೂರು ಮಾನಿಟರ್: ಎಡಕ್ಕೆ ಕಂಪನಿಯವರು ಒಪ್ಪಿ ಕಳಿಸಿದ ಮೂಲಪಠ್ಯ, ನಡುವೆ ತಾವು ಜೋಡಿಸುವ ಪುಟ, ಬಲಕ್ಕೆ ಬಣ್ಣ ಮತ್ತು ಅಳತೆ.

ಮಗಳು ಬಸ್ ನಿಲ್ದಾಣದಲ್ಲಿ ಬಸ್ಸಿನ ಸಮಯ ತೋರಿಸುವ ಪರದೆಗಳನ್ನು ನೋಡಿಕೊಳ್ಳುವವಳು. "ಎಡಗಡೇದು ತೆಗೆಸಿಬಿಡಪ್ಪ," ಎಂದಳು.

"ತೆಗೆಸಿದ್ರೆ ಯಾಕೆ ಅಂತ ಕೇಳ್ತಾರೆ. ಅರ್ಧ ಕಾಣೋನ ಕೈಗೆ ಔಷಧಿ ಕೆಲಸ ಕೊಡ್ತಾರೇನೆ?"

"ಹೇಳಿಬಿಡು ಅಂತಾನೇ ನಾನೂ ಹೇಳ್ತಿರೋದು. ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ್ರೆ ಯಾರಿಗೂ ಕಾಣಲ್ವಾ?"

"ನನಗೆ ಕಾಣದಿರೋದು ಅವರಿಗೂ ಕಾಣದಿರಲಿ ಬಿಡು."

ಗೊಣಗುತ್ತಲೇ ಅವಳು ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟಳು. ಕಂಪ್ಯೂಟರ್ ಆನ್ ಆದರೆ ಸಾಕು, ಅದೇ ಎಲ್ಲವನ್ನೂ ಜೋಡಿಸುತ್ತಿತ್ತು. ಮೂಲಪಠ್ಯದ ಹೊಸ ಪ್ರತಿಯನ್ನು ತಾನೇ ಹುಡುಕಿ ಬಲಗಡೆ, ಬಣ್ಣ ಅಳತೆಗಳ ಪಕ್ಕದಲ್ಲೇ ತೆರೆಯುತ್ತಿತ್ತು. ಎಡಗಡೆ ಪ್ರೆಸ್ಸಿನ ನೀಲಿ ಚಿತ್ರ ಸುಮ್ಮನೆ ಬೆಳಗುತ್ತಿತ್ತು, ನೋಡುವವರಿಗೆ ಅನುಮಾನ ಬಾರದಂತೆ. "ಒಂದು ಮಾತು ನೆನಪಿಟ್ಕೋ," ಎಂದಿದ್ದಳು. "ಯಾವುದಾದ್ರೂ ಇಲ್ಲ ಅನ್ನಿಸಿದ್ರೆ ಇಲ್ಲ ಅಂದ್ಕೋಬೇಡ. ಎಡಕ್ಕೆ ಕತ್ತು ತಿರುಗಿಸಿ ನೋಡು."

ಕೆಲವು ವಾರ ಎಲ್ಲ ಸರಿಯಾಗಿಯೇ ನಡೆಯಿತು.

ಅಂದು ಮಕ್ಕಳ ಜ್ವರದ ಸಿರಪ್ಪಿನ ಡಬ್ಬಿ ಅಚ್ಚಿಗೆ ಹೋಗಬೇಕಿತ್ತು. ಅವರು ಊಟಕ್ಕೆ ಹೋಗಿದ್ದಾಗ ಎಲೆಕ್ಟ್ರಿಷಿಯನ್ ಸ್ವಿಚ್ ಬೋರ್ಡ್ ಬದಲಿಸಿ, ಕಂಪ್ಯೂಟರಿನಿಂದ ಕಿತ್ತಿದ್ದ ಮಾನಿಟರ್ ಕೇಬಲ್‌ಗಳನ್ನು ತನಗೆ ತೋಚಿದಲ್ಲಿ ಸಿಕ್ಕಿಸಿ ಹೋಗಿದ್ದ. ಯಾವ ಮಾನಿಟರ್ ಎಲ್ಲಿದೆ ಎಂದು ಪ್ರೋಗ್ರಾಂ ತಿಳಿದುಕೊಳ್ಳುತ್ತಿದ್ದದ್ದು ಕೇಬಲ್ ಸಿಕ್ಕಿಸಿದ ಜಾಗದಿಂದ. ಹಾಗಾಗಿ ಎಡ ಬಲ ಅದಲುಬದಲಾಯಿತು. ಪುಟದಣ್ಣ ಬಂದು ಕೂತಾಗ ಬಲಗಡೆ ಬರೀ ನೀಲಿ.

'ಪ್ರೋಗ್ರಾಂ ಇವತ್ತು ಕೈಕೊಟ್ಟಿದೆ' ಎಂದುಕೊಂಡರು. ಅಷ್ಟರಲ್ಲಿ ಫೋನು.

"ಅಣ್ಣ, ಫೈಲ್ ಕಳಿಸ್ತೀರಾ? ಮಷೀನು ಖಾಲಿ ನಿಂತಿದೆ. ಯಜಮಾನ್ರು ಇಲ್ಲೇ ನಿಂತ್ಕೊಂಡು ನನ್ನ ತಲೆ ತಿಂತಿದ್ದಾರೆ." ಮಷೀನಿನವನು ಪಿಸುಗುಟ್ಟಿದ.

ಹಿಂದಿನ ದಿನ ನೋಡಿದ್ದ ಮೂಲಪಠ್ಯವನ್ನು ಕೈಯಾರೆ ತೆರೆದು, ಸಾಲಿಗೆ ಸಾಲು ಹೊಂದಿಸಿ ನೋಡಿದರು. ಎಲ್ಲ ಸರಿಯಿತ್ತು. ಕಳಿಸಿಬಿಟ್ಟರು.

ಉಸಿರು ಬಿಟ್ಟು ಮೌಸ್ ಸರಿಸಿದರು. ಬಾಣದ ಗುರುತು ಕಾಣೆಯಾಯಿತು. ಅಲ್ಲಾಡಿಸಿದರು, ಬರಲಿಲ್ಲ. ಎಲ್ಲಿಗೆ ಹೋಯಿತು? ಮಗಳ ಮಾತು ನೆನಪಾಯಿತು. ಗದ್ದ ಹೆಗಲಿಗೆ ತಾಗುವಷ್ಟು ಎಡಕ್ಕೆ ತಿರುಗಿದರು. ಅಲ್ಲಿ ಪರದೆಯ ತುಂಬ ಅಕ್ಷರ. ಕಂಪನಿಯವರು ಆ ಮಧ್ಯಾಹ್ನವೇ ತಿದ್ದಿ ಕಳಿಸಿದ್ದ ಹೊಸ ಪ್ರತಿ: ದಿನಕ್ಕೆ ಎರಡು ಬಾರಿ. ಅವರು ಕಳಿಸಿದ್ದು: ದಿನಕ್ಕೆ ಮೂರು ಬಾರಿ.

ಫೋನ್ ಮಾಡಿದರು. ಗಂಟೆ ಬಾರಿಸುತ್ತಲೇ ಇತ್ತು. ಮಷೀನಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಎದ್ದು ಓಡಿದರು. ಬಾಗಿಲ ಚೌಕಟ್ಟು ಎಡಭುಜಕ್ಕೆ ಬಡಿಯಿತು, ಯಾವುದೋ ಕಾಗದದ ರಾಶಿ ದಡಬಡ ಉರುಳಿತು. ತಿರುಗಿಯೂ ನೋಡಲಿಲ್ಲ. ಒಳಗೆ ಹಾಳೆಗಳು ಒಂದರ ಮೇಲೊಂದು ಬೀಳುತ್ತಿದ್ದವು.

"ನಿಲ್ಸೋ! ನಿಲ್ಸು!"

ಮಷೀನಿನವನು ಕೆಂಪು ಗುಂಡಿ ಒತ್ತಿದ. ಸದ್ದು ಇಳಿಯಿತು.

"ಏನ್ರೀ ಇದು?" ಎಂದರು ಯಜಮಾನರು.

ಕಂಪನಿಯವರು ತಡವಾಗಿ ತಿದ್ದಿದರು ಎಂದರೆ ಮುಗಿದುಹೋಗುತ್ತಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಪುಟದಣ್ಣ ನುಂಗಿಕೊಂಡರು.

"ಎರಡು ಬಾರಿ ಅಂತಿರಬೇಕಾದ್ದು ಮೂರು ಬಾರಿ ಅಂತ ಹೋಗಿದೆ. ತಪ್ಪು ನಂದೇ. ನನಗೆ ಎಡಗಡೆ ಕಾಣಲ್ಲ. ಕಾಯಿಲೆ ಬಿದ್ದಾಗಿನಿಂದ."

ಯಜಮಾನರು ಕೇಳಿದರು: "ಇದು ಕಾಣುತ್ತಾ?"

"ಯಾವುದು?"

ಮಷೀನಿನವನು ತಲೆ ತಗ್ಗಿಸಿದ. ಯಜಮಾನರು ಪುಟದಣ್ಣನ ಎಡಗಡೆಗೆ ಎತ್ತಿದ್ದ ಕೈ ಇಳಿಸಿದರು.

"ಮಕ್ಕಳು ಕುಡಿಯೋ ಔಷಧಿ ಕಣ್ರೀ," ಎಂದರು. ಬೈಗುಳಕ್ಕಿಂತ ಆ ತಗ್ಗಿದ ದನಿಯೇ ಪುಟದಣ್ಣನಿಗೆ ಚುಚ್ಚಿತು. ಅಚ್ಚಾದ ಹಾಳೆಗಳನ್ನೆಲ್ಲ ಅವರೆದುರೇ ಕತ್ತರಿಸಿ ಹಾಕಿಸಿದರು. "ಸದ್ಯಕ್ಕೆ ಮನೆಗೆ ಹೋಗಿ. ಹೇಳಿ ಕಳಿಸ್ತೀನಿ."

ಹೇಳಿ ಕಳಿಸುವವರೆಗೂ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ಕೊನೆಗೆ ಕರೆ ಬಂತು. ಔಷಧಿ ಡಬ್ಬಿಗಳು ಬೇರೆಯವರ ಪಾಲಾಗಿದ್ದವು. ಇವರಿಗೆ ಸಾಬೂನು, ಬಿಸ್ಕತ್ತಿನ ಡಬ್ಬಿ. ಮಗಳೂ ಜೊತೆಗೆ ಹೋದಳು. ಎಡಗಡೆಯ ಮಾನಿಟರ್ ಕಳಚಿ ಕೆಳಗಿಟ್ಟಳು. ಕೇಬಲ್ ಎಲ್ಲಿಗೆ ಸಿಕ್ಕಿಸಿದರೂ ಆಯಾ ಮಾನಿಟರನ್ನು ಅದರದೇ ನಂಬರಿನಿಂದ ಗುರುತು ಹಿಡಿಯುವಂತೆ ಪ್ರೋಗ್ರಾಂ ತಿದ್ದಿದಳು. ಬೇಕೆಂದೇ ಕೇಬಲ್ ಅದಲುಬದಲು ಮಾಡಿ ತೋರಿಸಿದಳು. ಎಲ್ಲವೂ ತಂತಮ್ಮ ಜಾಗದಲ್ಲೇ ಬಂದು ಕೂತವು.

"ಸಾಬೂನಿಗೆ ಇಷ್ಟೆಲ್ಲ ಬೇಕಾ?" ಎಂದರು ಪುಟದಣ್ಣ. ದನಿಯಲ್ಲಿ ನೋವಿತ್ತು.

"ಬೇಕು," ಎಂದಳು ಮಗಳು.

ಅವರು ಕುರ್ಚಿ ಎಳೆದುಕೊಂಡು ಕೂತು, ಸಾಬೂನಿನ ಹೆಸರಿನ ಮೊದಲ ಅಕ್ಷರವನ್ನು ದೊಡ್ಡದು ಮಾಡಿ ನೋಡಿದರು. ಒತ್ತಕ್ಷರ ಕೂದಲೆಳೆಯಷ್ಟು ಕೆಳಗಿಳಿದಿತ್ತು. ಸರಿಪಡಿಸತೊಡಗಿದರು.