ಒಂದೇ ಮೀಟರಿನ ಮನೆ

ಮಾಮಿಯ ಬಲಗೈ ಹೆಬ್ಬೆರಳು ಸದಾ ಅರಿಸಿನ ಹತ್ತಿ ಹಳದಿಯಾಗಿರುತ್ತಿತ್ತು. ವೆಸ್ಟ್ ಮಾಂಬಲಂನ ಆ ಮನೆಯಲ್ಲಿ ನಮ್ಮ ಪಕ್ಕದ ಪೋರ್ಷನ್ ಅವರದು. ಮೂರು ತಲೆಮಾರಿನಿಂದ ಮದ್ರಾಸಿನವರು, ಅವರ ಕನ್ನಡದಲ್ಲಿ ಅರ್ಧ ತಮಿಳು. ಮೈಸೂರಿನಿಂದ ಆಗಷ್ಟೇ ಮದುವೆಯಾಗಿ ಬಂದಿದ್ದ ನನಗೆ ಉಳಿದರ್ಧವೇ ಆಸರೆ. ನನ್ನ ಸಾರಿನ ರುಚಿ ನೋಡಿ, "ಇದು ರಸಮ್ಮೂ ಅಲ್ಲ, ಕುಳಂಬೂ ಅಲ್ಲ, ಪಾವಂ ನಿನ್ನ ಗಂಡ" ಎಂದು ಛೇಡಿಸುತ್ತಿದ್ದರು.

ಮೇಲಿನ ಓನರ್‌ಗೂ ಕೆಳಗಿನ ನಮ್ಮಿಬ್ಬರಿಗೂ ಒಂದೇ ಕರೆಂಟ್ ಮೀಟರು. ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲನ್ನು ಮೂರು ಪಾಲು ಮಾಡುವುದು ವಾಡಿಕೆ. ನಾವು ಬಂದ ಮೇಲೆ ಬಿಲ್ಲು ಏರಿತು. "ಎಲ್ಲಾ ನಿಮ್ಮ ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ಕೆಲಸ. ಮುಂದಿನ ಸಲವೂ ಹೀಗಾದರೆ ಬೇರೆ ಮನೆ ನೋಡಿಕೊಳ್ಳಿ" ಎಂದು ಓನರ್ ತಮಿಳಿನಲ್ಲಿ ಹೇಳಿಹೋದರು. ಇನ್ನೊಂದು ಮನೆಗೆ ಅಡ್ವಾನ್ಸ್ ಕೊಡುವ ಶಕ್ತಿ ನಮಗಿರಲಿಲ್ಲ. ಗಂಡ ಆಫೀಸಿಗೆ ಹೋದ ಮೇಲೆ ಫ್ಯಾನು ಆರಿಸಿ, ಪಕ್ಕದ ಕಟ್ಟಡದ ಗೋಡೆಗೆ ತೆರೆಯುವ ಒಂದೇ ಕಿಟಕಿಯ ಮುಂದೆ ಬೆವರುತ್ತ ಕೂರುತ್ತಿದ್ದೆ.

ಒಂದು ಮಧ್ಯಾಹ್ನ ಅದನ್ನು ಕಂಡ ಮಾಮಿ ಬಿಲ್ಲು ತಂದು, ಪಂಚಾಂಗ ಓದುವ ಹಾಗೆ ಒಂದೊಂದೇ ಸಾಲಿನ ಮೇಲೆ ಹೆಬ್ಬೆರಳಿಟ್ಟರು.

"ಇದು ಫಿಕ್ಸೆಡ್ ಚಾರ್ಜು. ಸ್ವಿಚ್ಚೇ ಹಾಕ್ದಿದ್ರೂ ಕಟ್ಟಬೇಕು. ಇದು ಯೂನಿಟ್ಟು. ಒಂದು ಗೆರೆ ದಾಟಿದ್ರೆ ರೇಟೂ ಏರತ್ತೆ. ಮೂರು ಮನೇದೂ ಸೇರಿ ದಾಟ್ತಿದೆ." ಆಮೇಲೆ ದನಿ ತಗ್ಗಿಸಿದರು. "ದಾಟಿಸ್ತಿರೋದು ನೀನಲ್ಲಮ್ಮಾ, ನಮ್ಮನೆ ಫ್ಯಾನು."

ಲಕ್ವ ಹೊಡೆದಿದ್ದ ಅವರ ಯಜಮಾನರನ್ನು ಆಸ್ಪತ್ರೆಯಿಂದ ಕರೆತಂದದ್ದು ನಾವು ಬಂದ ತಿಂಗಳಲ್ಲೇ. ಮಲಗಿದಲ್ಲೇ ಬೆನ್ನೆಲ್ಲ ಹುಣ್ಣು. ಫ್ಯಾನು ನಿಂತರೆ ನರಳುತ್ತಿದ್ದರು.

"ಓನರ್ ಹತ್ರ ಹೇಳೋದಿದ್ರೆ ಹೇಳು. ನಾನು ಬೇಜಾರ್ ಮಾಡ್ಕೊಳಲ್ಲ."

ಹೇಳಿದರೆ ಅವರು ಬೀದಿಗೆ, ಹೇಳದಿದ್ದರೆ ನಾವು. ನಾನು ಹೇಳಲಿಲ್ಲ. ಅದು ದೊಡ್ಡತನವೇನಲ್ಲ, ಬಾಯಿ ಬರಲಿಲ್ಲ ಅಷ್ಟೆ. ಗೋಡೆಯಾಚೆ ತಿರುಗುವ ಆ ಫ್ಯಾನಿನ ಸದ್ದಿಗೆ ಎಷ್ಟೋ ಸಲ ನನ್ನ ಮೈ ಉರಿದಿದೆ.

ಕೆಲವೇ ದಿನಗಳಲ್ಲಿ ಮಾಮಿಯ ಯಜಮಾನರು ತೀರಿಕೊಂಡರು. ಮುಂದಿನ ಬಿಲ್ಲು ಇಳಿಯಿತು. ಓನರ್ ಖುಷಿಯಿಂದ ಕೆಳಗೆ ಬಂದು, "ನೋಡಿದೆಯೇನಮ್ಮಾ, ಮನಸ್ಸು ಮಾಡಿದರೆ ಕರೆಂಟು ಉಳಿಸಬಹುದು" ಎಂದರು.

ಪಕ್ಕದ ಬಾಗಿಲಿನಿಂದ ಮಾಮಿ ತಮಿಳಿನಲ್ಲೇ ಹೇಳಿದರು: "ಅವಳೇನೂ ಉಳಿಸಿಲ್ಲ. ಮೊದಲೂ ಅವಳು ಹೆಚ್ಚು ಖರ್ಚು ಮಾಡಿದವಳಲ್ಲ. ಫ್ಯಾನು ಬೇಕಾಗಿದ್ದವರು ನಮ್ಮ ಮನೆಯಲ್ಲಿದ್ದರು, ಈಗಿಲ್ಲ."

ಮನೆ ಬಿಡಿ ಎಂಬ ಮಾತನ್ನು ಓನರ್ ಮತ್ತೆಂದೂ ಎತ್ತಲಿಲ್ಲ. ಆ ಮಧ್ಯಾಹ್ನ ನಾನು ಬಾಗಿಲು ಹಾಕಿಕೊಂಡು, ಫ್ಯಾನು ಹಾಕಿ, ಅದರ ಕೆಳಗೆ ಕೂತು ಅತ್ತೆ.