ಭಾರತಕ್ಕನ ಹೆಲ್ಪು

ಇಂಗ್ಲಿಷಿನ ಮೇಲೆ ನನಗೇನೂ ದ್ವೇಷವಿಲ್ಲ. ಬಸ್ಸು, ಮಿಕ್ಸಿ, ಮೊಬೈಲು ಎಲ್ಲ ನಮ್ಮವೇ ಆಗಿಹೋಗಿವೆ. ಆದರೆ ‘ಹೆಲ್ಪ್’ ಎಂಬ ಮಾತನ್ನು ನಮ್ಮ ಕಡೆಯ ಗಂಡಸರ ಬಾಯಲ್ಲಿ ಕೇಳಿದರೆ ಮೈ ಉರಿಯುತ್ತದೆ. ಉಂಡ ತಟ್ಟೆಯನ್ನು ಗಂಡ ತಾನೇ ಎತ್ತಿಟ್ಟರೆ ಅದು ಹೆಂಡತಿಗೆ ಮಾಡಿದ ಹೆಲ್ಪು. ಹೆಂಡತಿ ಹೊಲ, ಹಸು, ರೇಷ್ಮೆಯ ಹುಳುಮನೆ ಎಲ್ಲವನ್ನೂ ನೋಡಿಕೊಂಡರೆ ಅದು ಗಂಡನಿಗೆ ಮಾಡಿದ ಹೆಲ್ಪು! ಯಾವ ಕಡೆಯಿಂದ ನೋಡಿದರೂ ಯಜಮಾನ ಅವನೇ.

ಪಕ್ಕದ ಮನೆಯ ಭಾರತಮ್ಮನನ್ನು ನಾನು ಅಕ್ಕ ಎನ್ನುತ್ತೇನೆ. ಕ್ಯಾಲನೂರಿನ ಹತ್ತಿರದ ಈ ಹಳ್ಳಿಗೆ ನಾನು ಸೊಸೆಯಾಗಿ ಬಂದಾಗಿನಿಂದ ಆಕೆಯನ್ನು ರೇಷ್ಮೆ ಹುಳುವಿನ ಜೊತೆಗೇ ಕಂಡಿದ್ದೇನೆ. ನಸುಕಿಗೇ ಎದ್ದು ಹಿಪ್ಪುನೇರಳೆ ಸೊಪ್ಪು ತರುವವಳು ಆಕೆ, ಹುಳುವಿನ ಹಾಸಿಗೆಯ ಕಸ ತೆಗೆದು ಸುಣ್ಣ ಉದುರಿಸುವವಳು ಆಕೆ. ಹುಳು ಪೊರೆ ಬಿಡಲು ಮೇವು ನಿಲ್ಲಿಸಿ ಸುಮ್ಮನಾಗುವುದನ್ನು ನಾವು ಜ್ವರ ಎನ್ನುತ್ತೇವೆ. ಆಗ ಘಾಟು ತಾಗೀತೆಂದು ಆಕೆ ಸಾರಿಗೆ ಒಗ್ಗರಣೆಯನ್ನೂ ಹಾಕುವುದಿಲ್ಲ. ಗಂಡ ಕೋದಂಡರಾಮಪ್ಪ ಕೆಟ್ಟವರೇನಲ್ಲ. ಗೂಡು ಬಿಡಿಸಿದ ಮೇಲೆ ಮೂಟೆ ಹಾಕಿಕೊಂಡು ಮಾರುಕಟ್ಟೆಗೆ ಹೋಗುತ್ತಾರೆ. ಅಷ್ಟೇ.

ಈ ವರ್ಷ ಬೆಳೆಗಾರರ ಸಂಘವೊಂದು ಕೋಲಾರದಲ್ಲಿ ಸಭೆ ಮಾಡಿ, ಉತ್ತಮ ಬೆಳೆಗಾರರೆಂದು ಅವರಿಗೆ ಪೇಟ ತೊಡಿಸಿ ಶಾಲು ಹೊದಿಸಿತು. ಭಾರತಕ್ಕನೂ ನಾನೂ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಆ ಮಹಾನುಭಾವರು ಮೈಕು ಹಿಡಿದು, "ನಮ್ಮನೆಯವಳೂ ಸ್ವಲ್ಪ ಹೆಲ್ಪ್ ಮಾಡ್ತಾಳೆ" ಎಂದರು. ಜನ ಚಪ್ಪಾಳೆ ತಟ್ಟಿದರು, ಹೆಂಡತಿಯನ್ನು ನೆನೆದ ದೊಡ್ಡ ಮನುಷ್ಯನೆಂದು! ಎದ್ದು ನಿಂತು ಕೂಗಿಬಿಡಬೇಕೆನಿಸಿತು ನನಗೆ. ಭಾರತಕ್ಕ ಕೈ ಹಿಡಿದು ಕೂರಿಸಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಆಕೆ ಆಡಿದ್ದು ಒಂದೇ ಮಾತು: "ಸ್ವಲ್ಪ ಅಂತೆ ಕಣೇ."

ಮುಂದಿನ ಬೆಳೆ ಹಣ್ಣಾಯಿತು. ಹಣ್ಣಾದ ಹುಳು ಮೇವು ಬಿಟ್ಟು, ಗೂಡು ಕಟ್ಟಲು ಜಾಗ ಹುಡುಕುತ್ತದೆ. ಅವತ್ತೇ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಕಸದಲ್ಲೇ ಗೂಡು ಕಟ್ಟಿ ಬೆಳೆ ಹಾಳು. ಅದು ಇಬ್ಬರ ಕೈಲಾಗುವ ಕೆಲಸವಲ್ಲ. ಅದಕ್ಕೇ ನಮ್ಮ ಬೀದಿಯಲ್ಲಿ ಮುಯ್ಯಾಳು ಉಂಟು: ಇವತ್ತು ನಿನ್ನ ಮನೆಗೆ ನಾನು ಬಂದರೆ, ನಾಳೆ ನನ್ನ ಮನೆಗೆ ನೀನು ಬರಬೇಕು. ಬೆಳೆ ಯಾರದೋ ಅವರೇ ಬಂದು ಕರೆಯಬೇಕು.

ಪ್ರತಿ ಸಲವೂ ಭಾರತಕ್ಕನೇ ಕರೆಯುತ್ತಿದ್ದಳು. ಈ ಸಲ ಜಗಲಿಯಿಂದ ಏಳಲಿಲ್ಲ. "ಬೆಳೆಗಾರರು ನೀವಲ್ವಾ? ನೀವೇ ಹೋಗಿ ಕರೀರಿ. ಬಂದೋರ ಜೊತೆ ನಾನೂ ಸ್ವಲ್ಪ ಹೆಲ್ಪ್ ಮಾಡ್ತೀನಿ" ಎಂದು ಗಂಡನಿಗೆ ಹೇಳಿದಳು.

ಅವರು ಮೊದಲು ನಮ್ಮ ಮನೆಗೇ ಬಂದರು. ನಮ್ಮತ್ತೆ ಅಂಜಮ್ಮ ಅಕ್ಕಿ ಆರಿಸುತ್ತಿದ್ದವರು ತಲೆಯನ್ನೂ ಎತ್ತಲಿಲ್ಲ. "ಏಮಪ್ಪಾ, ನೀನ್ಯಾವತ್ತು ನಮ್ಮನೆ ಹುಳ ಆರಿಸ್ದೆ? ನಮ್ಮ ಮುಯ್ಯಿ ಇರೋದು ಭಾರತಿಗೆ. ಅವಳ ಬೆಳೆ ಆದ್ರೆ ಹೇಳು, ಈಗ್ಲೇ ಬರ್ತೀವಿ." ಎದುರು ಮನೆಯ ಸುನಂದಳೂ ಬಾಗಿಲಲ್ಲೇ ನಿಂತು ಅದನ್ನೇ ಅಂದಳು. ನಾವೇನೂ ಮಾತಾಡಿಕೊಂಡಿರಲಿಲ್ಲ. ಶಾಲಿನ ಸುದ್ದಿಯನ್ನು ಬೀದಿಗೆಲ್ಲ ಹೇಳಿದ್ದೇನೋ ನಾನೇ, ಆದರೆ ಸಿಟ್ಟು ಅವರವರದೇ.

ಬಿಸಿಲೇರಿತು. ಭಾರತಕ್ಕನ ಕಣ್ಣು ಹುಳುಮನೆಯ ಬಾಗಿಲ ಮೇಲೇ ಇತ್ತು. ಒಳಗೆ ಹಾಳಾಗುತ್ತಿದ್ದದ್ದು ಆಕೆ ನಿದ್ದೆಗೆಟ್ಟು ಸಾಕಿದ ಹುಳು. ಆದರೂ ಕೂತೇ ಇದ್ದಳು.

ಕೊನೆಗೆ ಕೋದಂಡರಾಮಪ್ಪ ಬೀದಿಯ ನಡುವೆ ನಿಂತು, ನೆಲ ನೋಡುತ್ತಾ ಹೇಳಿದರು: "ಭಾರತಿ ಬೆಳೆ ಹಣ್ಣಾಗಿದೆ, ಬರ್ರಮ್ಮಾ."

"ಕೇಳಿಸ್ಲಿಲ್ಲ" ಎಂದರು ನಮ್ಮತ್ತೆ.

"ಭಾರತಿ ಬೆಳೆ! ನಾನು ಹೆಲ್ಪ್ ಮಾಡೋನು, ಅಷ್ಟೇ!"

ಸೆರಗು ಸಿಕ್ಕಿಸಿಕೊಂಡು ಹೆಂಗಸರೆಲ್ಲ ನುಗ್ಗಿದೆವು. ಭಾರತಕ್ಕ ಎಲ್ಲರಿಗಿಂತ ಮುಂದಿದ್ದಳು. ಏನು ಮಾಡಬೇಕೆಂದು ತೋಚದೆ ಬಾಗಿಲಲ್ಲಿ ನಿಂತಿದ್ದ ಗಂಡನನ್ನು ನೋಡಿ, "ಹೆಲ್ಪ್ ಮಾಡ್ತೀನಿ ಅಂದ್ರಲ್ಲ, ಎಲ್ರಿಗೂ ಟೀ ಕಾಯಿಸ್ರಿ" ಎಂದಳು.

ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಕೂಗು ಬಂತು: "ಸಕ್ಕರೆ ಎಲ್ಲಿಟ್ಟಿದ್ದೀಯೇ?"

ಆ ಮನೆಯಲ್ಲೇ ಹುಟ್ಟಿ ಬೆಳೆದವರು ಅವರು. ನಾವು ಹುಳು ಆರಿಸುತ್ತಲೇ ಇದ್ದೆವು. ಯಾರೂ ಹೆಲ್ಪ್ ಮಾಡಲು ಏಳಲಿಲ್ಲ.