ಸ್ಟುಡಿಯೋ ಮಾವನ ವೆಬ್ ಪುಟ

ಫೋಟೋ ಸ್ಟುಡಿಯೋಗೆ ಬೀಗ ಹಾಕಿದ ಮೇಲೆ ಮಾವನವರು ಸೊಸೆಯ ಹತ್ತಿರ ವೆಬ್ ಪುಟ ಕಟ್ಟುವ ಎಚ್‌ಟಿಎಂಎಲ್ ಕಲಿಯಲು ಕೂತರು. ರೆಡಿಮೇಡ್ ಪುಟ ಬೇಡ, ಪ್ರತಿ ಅಕ್ಷರವನ್ನೂ ಕೈಯಾರೆ ಒತ್ತಬೇಕೆಂಬ ಹಟ. ತೆರೆದ ಟ್ಯಾಗನ್ನು ಮುಚ್ಚಬೇಕೆಂದು ಸೊಸೆ ಹೇಳಿದ್ದೇ ತಡ, ಉಪ್ಪಿನ ಡಬ್ಬಿಯಿಂದ ಹಿಡಿದು ಆಕಳಿಸುವವರ ಬಾಯಿಯವರೆಗೆ ಮನೆಯಲ್ಲಿ ಯಾವುದೂ ತೆರೆದಿರುವಂತಿಲ್ಲ. ಶೀರ್ಷಿಕೆ ಒಂದು ಪಕ್ಕಕ್ಕೆ ವಾಲಿದರೆ ಸಾಕು, ಹಳೇ ಚಾಳಿಯಂತೆ "ಗದ್ದ ಸ್ವಲ್ಪ ಮೇಲೆ, ಈ ಕಡೆ ನೋಡಿ" ಎಂದು ಸ್ಕ್ರೀನನ್ನೇ ಗದರುತ್ತಾರೆ. ಚಿತ್ರ ಕಾಣದವರಿಗಾಗಿ ಅದರ ವಿವರ ಬರೆಯುವ ಜಾಗವೊಂದಿದೆ. ಅದನ್ನು ಕಂಪ್ಯೂಟರ್ ಗಟ್ಟಿಯಾಗಿ ಓದಿ ಹೇಳುತ್ತದೆ. ಎಲ್ಲರೂ ಅಲ್ಲಿ ಎರಡು ಪದ ಗೀಚಿ ಕೈತೊಳೆದುಕೊಂಡರೆ ಮಾವ ಪುರಾಣವನ್ನೇ ಬರೆಯುತ್ತಾರೆ: "ನೀಲಿ ಕೊಡೆ ಹಿಡಿದಿದ್ದೀಯ. ನಗಬೇಡ ಅಂದಿದ್ದಕ್ಕೇ ನಗ್ತಿದ್ದೀಯ. ಹಿಂದಿನ ಪರದೆ ನೆಟ್ಟಗಿದೆ." ದೃಷ್ಟಿ ಪೂರ್ತಿ ಹೋಗಿರುವ ಅತ್ತೆ ಪಕ್ಕದಲ್ಲೇ ಕೂತು ಕೇಳಿಸಿಕೊಂಡು, "ಸುಳ್ಳು! ಅವತ್ತು ನನ್ನ ಹಿಂದಿನ ಪರದೆ ಸೊಟ್ಟಗಿತ್ತು" ಎಂದು ಬಿದ್ದು ಬಿದ್ದು ನಕ್ಕರು. ಸದ್ದು ಕೇಳಿ ಬಂದ ಸೊಸೆ ಸ್ಕ್ರೀನಿಗೆ ಇಣುಕಿದಳು. "ಅಯ್ಯೋ ಮಾವ, ಫೋಟೋ ಬೇರೆ ಫೋಲ್ಡರಲ್ಲೇ ಉಳಿದಿದೆ, ಇಲ್ಲಿ ಬಂದೇ ಇಲ್ಲ!" ಮಾವ ಕನ್ನಡಕ ತೆಗೆದು ಒರೆಸಿಕೊಂಡರು. "ಇರಲಿ ಬಿಡಮ್ಮ, ಕಾಣಬೇಕಾದವಳಿಗೆ ಕಾಣಿಸ್ತಲ್ಲ."